ಕಿರಾಣಿ ಅಂಗಡಿಯೋ, ಸೂಪರ್‌ಮಾರ್ಕೆಟ್ಟೋ? ಹೃದಯದ ಲೆಕ್ಕ ಚೀಲದಲ್ಲಿದೆ



ಪುಣೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ಡಾಕ್ಟ್ರೇ, ಅಪ್ಪನಿಗೆ ಸ್ಟೆಂಟ್ ಹಾಕಿದೆ. ದಿನಸಿ ಸಾಮಾನು ಗಲ್ಲಿಯ ಕಿರಾಣಿ ಅಂಗಡಿಯಿಂದ ತರುವುದು ಒಳ್ಳೆಯದೋ, ಸೂಪರ್‌ಮಾರ್ಕೆಟ್‌ನಿಂದಲೋ? ನಾನು ಒಂದು ಹೇಳುತ್ತೇನೆ, ಹೆಂಡತಿ ಇನ್ನೊಂದು ಹೇಳುತ್ತಾಳೆ, ಅಪ್ಪ ಇಬ್ಬರ ಮಾತನ್ನೂ ಕೇಳುವುದಿಲ್ಲ."

ಹೃದ್ರೋಗ ತಜ್ಞನಿಗೆ ಕೇಳುವ ಪ್ರಶ್ನೆಯೇ ಇದು ಎಂದು ಕೆಲವರಿಗೆ ಅನಿಸಬಹುದು. ಆದರೆ ನಾನು ಬರೆದುಕೊಡುವ ಮಾತ್ರೆಗಳು ಒಂದು ಕೈಯಲ್ಲಿ ಹಿಡಿಯುವಷ್ಟು. ನೀವು ತಿಂಗಳಿಗೆ ಮನೆಗೆ ತರುವ ಸಾಮಾನು ನಾಲ್ಕು ಚೀಲ. ಯಾವುದರ ಬಲ ಹೆಚ್ಚು ಎಂದು ನೀವೇ ಯೋಚಿಸಿ. ಉತ್ತರ ಹೇಳುವ ಮುಂಚೆ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅದರಲ್ಲಿ ತಪ್ಪು ನನ್ನದೇ.

*ರಾತ್ರಿ ಎರಡು ಗಂಟೆ*

ಅಪ್ಪ ತೀರಿಕೊಂಡ ಮೇಲೆ ನನ್ನ ಅವ್ವ ಧಾರವಾಡದ ಮನೆಗೆ ಬೀಗ ಹಾಕಿ ಮುಂಬೈಗೆ ನಮ್ಮ ಹತ್ತಿರ ಬಂದಳು. ಆಗ ಅವಳಿಗೆ 74 ವರ್ಷ. ಬಿ.ಪಿ. ಇತ್ತು, ಹೃದಯದ ಪಂಪು ಸ್ವಲ್ಪ ದುರ್ಬಲವಾಗಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಳು, ಚೆನ್ನಾಗಿಯೇ ಇದ್ದಳು.

ನಮ್ಮ ಸೊಸೈಟಿಯಿಂದ ಸ್ವಲ್ಪ ದೂರದಲ್ಲಿ ಕಚ್ಛಿ ಸೇಠ್ ಒಬ್ಬರ ಕಿರಾಣಿ ಅಂಗಡಿ ಇದೆ. ಅವ್ವ ದಿನಾ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಒಂದು ದಿನ ಪಾವು ಕಿಲೋ ಬೇಳೆ, ಇನ್ನೊಂದು ದಿನ ಕೊತ್ತಂಬರಿ ಬೀಜ. ಅವಳಿಗೆ ಹಿಂದಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ತಮಗೆ ತಿಳಿದ ಮರಾಠಿಯಲ್ಲಿ ಸಂಸಾರದ ಸುಖದುಃಖ ಎಲ್ಲ ಮಾತಾಡುತ್ತಿದ್ದರು. ಅವರು ಇವಳನ್ನು "ಮಾಸಿ" ಎಂದು ಕರೆಯುತ್ತಿದ್ದರು. ಹೋಗಿ ಬರಲು ನಡಿಗೆಯೇ 25 ನಿಮಿಷ.

ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಮನೆ ಬಿಟ್ಟರೆ ರಾತ್ರಿಯೇ ಬರುವವರು. ಅವ್ವ ಮುಂಬೈಯ ರಸ್ತೆ ದಾಟುವುದನ್ನು ನೆನೆದರೆ ನನಗೆ ಭಯ. ಅದಕ್ಕೆ ಒಂದು ತೀರ್ಮಾನ ಮಾಡಿದೆ. ತಿಂಗಳಿಗೊಮ್ಮೆ ಸೂಪರ್‌ಮಾರ್ಕೆಟ್‌ಗೆ ಕಾರು ತೆಗೆದುಕೊಂಡು ಹೋಗಿ ಎಲ್ಲವನ್ನೂ ಒಟ್ಟಿಗೆ ತರುವುದು, ನಡುವೆ ಏನಾದರೂ ಬೇಕಾದರೆ ಮೊಬೈಲ್‌ನಲ್ಲಿ ತರಿಸುವುದು. ಸಾಮಾನು ಸ್ವಚ್ಛ, ಬೆಲೆ ಕಡಿಮೆ, ಬಿಲ್ಲು ಸಿಗುತ್ತದೆ. "ಇನ್ನ ನೀ ಅಂಗಡಿಗೆ ಹೋಗೂದು ಬ್ಯಾಡವಾ" ಎಂದೆ. ಅವಳು ಏನೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಅವ್ವ ಮಂಚದ ಮೇಲೆ ಎದ್ದು ಕುಳಿತು ಉಸಿರಿಗೆ ಒದ್ದಾಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಹಾರ್ಟ್ ಫೇಲ್ಯೂರ್. ಹೆಸರು ಕೇಳಿ ಹೃದಯ ನಿಂತುಹೋಯಿತು ಎಂದು ತಿಳಿಯಬೇಡಿ. ಪಂಪು ದುರ್ಬಲವಾಗಿ, ಮೈಯಲ್ಲಿ ಉಪ್ಪು ನೀರು ಹೆಚ್ಚಾಗಿ, ಆ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುವುದು. ಐದು ದಿನ ಆಸ್ಪತ್ರೆಯಲ್ಲಿ ಇಟ್ಟು, ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟ ಮೇಲೆ ಅವ್ವ ಮಲಗಿ ನಿದ್ದೆ ಮಾಡಿದಳು.

ಮಾತ್ರೆ ಒಂದೂ ತಪ್ಪಿರಲಿಲ್ಲ. ಹಾಗಾದರೆ ಆದದ್ದೇನು? ಮನೆಗೆ ಬಂದು ಅಡುಗೆಮನೆಯ ಕಪಾಟು ತೆಗೆದೆ.

*ಕಪಾಟಿನಲ್ಲಿ ಸಿಕ್ಕಿದ್ದು*

ಪೊಟ್ಟಣದ ಟೊಮೆಟೊ ಸೂಪು, ಒಂದಕ್ಕೆ ಒಂದು ಉಚಿತ. ಕಿಲೋ ಡಬ್ಬಿಯ ಮಾವಿನ ಉಪ್ಪಿನಕಾಯಿ, ಅದೂ ಆಫರ್. ಹಪ್ಪಳದ ನಾಲ್ಕು ಪ್ಯಾಕೆಟ್. ಎಲ್ಲವನ್ನೂ ತಂದವನು ನಾನು. ಮಧ್ಯಾಹ್ನ ಅವ್ವ ಮನೆಯಲ್ಲಿ ಒಬ್ಬಳೇ. ಒಬ್ಬಳಿಗಾಗಿ ಏನು ಅಡುಗೆ ಮಾಡುವುದು ಎಂದು, ಬೆಳಗಿನ ಅನ್ನದ ಜೊತೆ ಒಂದು ಬಟ್ಟಲು ಸೂಪು, ಎರಡು ಹಪ್ಪಳ, ಒಂದು ಚಮಚ ಉಪ್ಪಿನಕಾಯಿ.

ಪ್ಯಾಕೆಟ್ ತಿರುಗಿಸಿ ಓದಿ ಲೆಕ್ಕ ಹಾಕಿದೆ.

ಒಂದು ಬಟ್ಟಲು ಸೂಪಿನಲ್ಲಿ ಸೋಡಿಯಂ 700 ಮಿಲಿಗ್ರಾಂ.
ಎರಡು ಹಪ್ಪಳದಲ್ಲಿ ಸುಮಾರು 400 ಮಿಲಿಗ್ರಾಂ.
ದೊಡ್ಡ ಚಮಚ ಉಪ್ಪಿನಕಾಯಿಯಲ್ಲಿ ಸುಮಾರು 900 ಮಿಲಿಗ್ರಾಂ.
ಒಟ್ಟು 2000 ಮಿಲಿಗ್ರಾಂ.

ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 2000 ಮಿಲಿಗ್ರಾಂ ಸೋಡಿಯಂ ಅಂದರೆ 5 ಗ್ರಾಂ ಉಪ್ಪು, ಸರಿಸುಮಾರು ಒಂದು ಟೀ ಚಮಚ. ಆರೋಗ್ಯವಂತ ದೊಡ್ಡವರೂ ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಅವ್ವ ಅದನ್ನು ಒಂದು ಊಟದಲ್ಲೇ ಮುಗಿಸುತ್ತಿದ್ದಳು. ರಾತ್ರಿಯ ಸಾರಿನ ಉಪ್ಪು, ಪಲ್ಯದ ಉಪ್ಪು ಬೇರೆ.

ನಾನು ಕೇಳಿದೆ, "ಅವ್ವಾ, ಇದನ್ನೆಲ್ಲಾ ಯಾಕ ತಿಂದಿ?"

ಅವಳು ಹೇಳಿದಳು, "ನೀನ ತಂದಿಟ್ಟಿದ್ದಲ್ಲಪಾ. ಡಾಕ್ಟರ್ ಮಗ ತಂದದ್ದು ಅಂದ್ರ ಚಲೋದ ಇರಬೇಕು ಅಂತ ತಿಂದೆ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಲಿನಿಕ್‌ನಲ್ಲಿ ದಿನಾ ಹತ್ತು ಜನಕ್ಕೆ "ಲೇಬಲ್ ಓದಿ, ಲೇಬಲ್ ಓದಿ" ಎಂದು ಹೇಳುವವನು ನಾನು. ನಮ್ಮ ದೇಶದಲ್ಲಿ ಆಹಾರದ ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು ಎಂಬುದು ನಿಯಮ. ನನ್ನ ಅವ್ವ ಕನ್ನಡ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವಳು. ಆದರೆ ಆ ಪ್ಯಾಕೆಟ್‌ಗಳ ಮುಂದೆ ಅವಳು ಓದು ಬಾರದವಳಂತೆ ನಿಂತಿದ್ದಳು. ಅದು ನನಗೆ ಹೊಳೆದೇ ಇರಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥ ಎಷ್ಟು ಮನೆಗಳಲ್ಲಿ ಇದೇ ಪರಿಸ್ಥಿತಿ ಇದೆ! ಅಪ್ಪ ಅಮ್ಮ ಮಧ್ಯಾಹ್ನ ಒಬ್ಬರೇ, ಕಪಾಟಿನ ತುಂಬ ಅವರು ಓದಲಾಗದ ಪ್ಯಾಕೆಟ್.

*ಹಾಗಾದರೆ ಸೂಪರ್‌ಮಾರ್ಕೆಟ್ ಕೆಟ್ಟದ್ದೇ?*

ಅಲ್ಲ. ಅದೇ ಸೂಪು, ಅದೇ ಹಪ್ಪಳ ಸೇಠ್ ಅವರ ಅಂಗಡಿಯಲ್ಲೂ ತೂಗುಹಾಕಿರುತ್ತದೆ. ಎರಡು ಕಡೆಯಲ್ಲೂ ಒಳ್ಳೆಯದಿದೆ, ಎರಡು ಕಡೆಯಲ್ಲೂ ಅಪಾಯವಿದೆ. ಒಂದೊಂದಾಗಿ ನೋಡೋಣ.

*ಸೂಪರ್‌ಮಾರ್ಕೆಟ್‌ನ ಒಳ್ಳೆಯದು*

ಮೊದಲನೆಯದು, ಸೀಲ್ ಮಾಡಿದ ಎಣ್ಣೆ. 1998ರಲ್ಲಿ ದೆಹಲಿಯಲ್ಲಿ ಏನಾಯಿತೆಂದು ಅಲ್ಲಿನ ಹಿರಿಯ ಓದುಗರಿಗೆ ನೆನಪಿರಬಹುದು. ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಕಾಡುಗಿಡದ ಬೀಜದ ಎಣ್ಣೆ ಬೆರೆತಿತ್ತು. ಅದನ್ನು ತಿಂದವರ ಕಾಲು ಊದಿಕೊಂಡಿತು, ಉಸಿರು ಕಟ್ಟಿತು, ಹೃದಯ ಸೋತಿತು. 60ಕ್ಕೂ ಹೆಚ್ಚು ಜನ ಸತ್ತರು. ಚಿಲ್ಲರೆ ಅಂಗಡಿಯಲ್ಲಿ ಅಡುಗೆ ಎಣ್ಣೆಯನ್ನು ಡಬ್ಬದಿಂದ ಅಳೆದು ಬಿಡಿಯಾಗಿ ಮಾರಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಆದರೂ ಕೆಲವು ಕಡೆ ಮಾರುತ್ತಾರೆ. ಎಷ್ಟೇ ಪರಿಚಯದ ಅಂಗಡಿಯಾಗಿದ್ದರೂ ಬಿಡಿ ಎಣ್ಣೆ ತೆಗೆದುಕೊಳ್ಳಬೇಡಿ.

ಎರಡನೆಯದು, ಹೋಲಿಸಿ ನೋಡುವ ಅವಕಾಶ. ಎರಡು ಬ್ರ್ಯಾಂಡಿನ ಪ್ಯಾಕೆಟ್ ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಓದಬಹುದು. ಹಿಂದೆ ನಿಂತವರು "ಜಲ್ದಿ ಮಾಡಿ" ಎನ್ನುವುದಿಲ್ಲ.

ಮೂರನೆಯದು, ಬೆಲೆ. ಬೇಳೆ, ಸಾಬೂನು, ಚಹಾಪುಡಿ ಹಲವು ಸಲ ಎಂ.ಆರ್.ಪಿ.ಗಿಂತ ಕಡಿಮೆಗೆ ಸಿಗುತ್ತವೆ. ಬಾಡಿಗೆ, ಶಾಲೆಯ ಫೀಸು, ಊರಿಗೆ ಕಳಿಸುವ ಹಣ ಎಲ್ಲ ಲೆಕ್ಕ ಹಾಕುವ ಮನೆಗೆ ಇದು ಸಣ್ಣ ವಿಷಯವಲ್ಲ.

*ಸೂಪರ್‌ಮಾರ್ಕೆಟ್‌ನ ಅಪಾಯ*

ಬೇಡದ್ದನ್ನು ಹೆಚ್ಚು ತರಿಸುವುದು. ಎರಡು ಲೀಟರ್ ಎಣ್ಣೆ ಬೇಕಾದವರು ಐದು ಲೀಟರಿನ ಕ್ಯಾನ್ ತರುತ್ತಾರೆ, ಲೀಟರಿಗೆ ಹತ್ತು ರೂಪಾಯಿ ಉಳಿಯಿತು ಎಂದು. ಕ್ಯಾನ್ ದೊಡ್ಡದಿದ್ದರೆ ಒಗ್ಗರಣೆಯ ಕೈಯೂ ದೊಡ್ಡದಾಗುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ ಎಣ್ಣೆ ಸಾಕು. ತಿಂಗಳಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ಜನರ ಮನೆಗೆ ಎರಡರಿಂದ ಎರಡೂವರೆ ಲೀಟರ್. ನಿಮ್ಮ ಮನೆಯಲ್ಲಿ ಐದು ಲೀಟರಿನ ಕ್ಯಾನ್ ಒಂದೇ ತಿಂಗಳಲ್ಲಿ ಖಾಲಿಯಾಗುತ್ತಿದ್ದರೆ ಕೊಲೆಸ್ಟರಾಲ್ ಮಾತ್ರೆಯನ್ನು ದೂರಬೇಡಿ.

ಬಿಸ್ಕತ್ತು, ಚಿಪ್ಸ್, ಕೂಲ್ ಡ್ರಿಂಕ್ಸ್ ಕೂಡ ಹಾಗೆಯೇ. ಮನೆಯಲ್ಲಿ ಇದ್ದದ್ದು ಖರ್ಚಾಗುತ್ತದೆ. "ತಿಂಗಳಿಗೆ ಇರಲಿ" ಎಂದು ತಂದದ್ದು ಒಂದು ವಾರಕ್ಕೆ ಮುಗಿಯುತ್ತದೆ.

ಇನ್ನು ಪ್ಯಾಕೆಟ್‌ನ ಮುಂದಿನ ಮಾತುಗಳು. ಅಡುಗೆ ಎಣ್ಣೆಯ ಮೇಲೆ "ಕೊಲೆಸ್ಟರಾಲ್ ಇಲ್ಲ" ಎಂದು ಹೃದಯದ ಚಿತ್ರ ಹಾಕಿರುತ್ತಾರೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟರಾಲ್ ಇರುವುದೇ ಇಲ್ಲ. ಪಾಮ್ ಎಣ್ಣೆಯಲ್ಲೂ ಇಲ್ಲ. ಆದರೆ ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು, ಅದು ನಮ್ಮ ರಕ್ತದ ಕೊಲೆಸ್ಟರಾಲ್ ಏರಿಸುತ್ತದೆ. "ಮಲ್ಟಿಗ್ರೇನ್" ಎಂಬ ಬಿಸ್ಕತ್ತನ್ನು ತಿರುಗಿಸಿ ನೋಡಿದರೆ ಮೊದಲ ಹೆಸರು ಮೈದಾ ಇರುವುದುಂಟು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ಇದೆಯೋ ಅದರ ಹೆಸರು ಮೊದಲು ಬರೆಯಬೇಕು ಎಂಬುದು ನಿಯಮ. ಮೊದಲ ಮೂರು ಹೆಸರು ಓದಿದರೆ ಪ್ಯಾಕೆಟ್ಟಿನ ಬಂಡವಾಳ ಗೊತ್ತಾಗುತ್ತದೆ.

*ಕಿರಾಣಿ ಅಂಗಡಿಯ ಒಳ್ಳೆಯದು*

ಬೇಕಾದಷ್ಟೇ ಸಿಗುತ್ತದೆ. ಐವತ್ತು ಗ್ರಾಂ ಜೀರಿಗೆ, ಪಾವು ಕಿಲೋ ಶೇಂಗಾ, ಒಂದು ಸಣ್ಣ ಪ್ಯಾಕೆಟ್ ಹಪ್ಪಳ. ಕಡಿಮೆ ತಂದರೆ ಕಡಿಮೆ ತಿನ್ನುತ್ತೇವೆ.

ಇಡಿಯ ಸಾಮಾನು ಸಿಗುತ್ತದೆ. ಇಡಿಯ ಮೆಣಸಿನಕಾಯಿ, ಇಡಿಯ ಅರಿಸಿನ, ಇಡಿಯ ಕಾಳು. ಬಿಡಿ ಖಾರದ ಪುಡಿಗೆ, ಅರಿಸಿನ ಪುಡಿಗೆ ಬಣ್ಣ ಬೆರೆಸುವುದು ಸುಲಭ. ಇಡಿಯದರಲ್ಲಿ ಮೋಸ ಮಾಡುವುದು ಅಷ್ಟು ಸುಲಭವಲ್ಲ. ಮಾಟುಂಗಾದ ಅಂಗಡಿಗಳಿಂದ ಬ್ಯಾಡಗಿ ಮೆಣಸಿನಕಾಯಿ ತಂದು ಬಿಸಿಲಿಗೆ ಹಾಕಿ ಪುಡಿ ಮಾಡಿಸುವ ನಮ್ಮವರು ಇಂದಿಗೂ ಇದ್ದಾರೆ. ಮುಂಬೈ, ಪುಣೆಯ ಓದುಗರಿಗೆ ಇನ್ನೊಂದು ಅನುಕೂಲ: ಜೋಳ ಬೀಸಿಕೊಡುವ ಗಿರಣಿ ಓಣಿ ಓಣಿಯಲ್ಲಿದೆ. ಮಾಲದಂಡಿ ಜೋಳ ತಂದು ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ ಎಂದು ನಿಮ್ಮ ಮನೆಯ ಹಿರಿಯರೇ ಹೇಳುತ್ತಾರೆ. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಒಂದು ಬಟ್ಟಲು ಮೊಸರು. ಹೃದಯಕ್ಕೆ ಇದಕ್ಕಿಂತ ಒಳ್ಳೆಯ ಊಟವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಹಿಟ್ಟಿಗೆ ಮತ್ತು ರೊಟ್ಟಿಗೆ ಉಪ್ಪು ಬೇಕಾಗಿಯೇ ಇಲ್ಲ.

ಹಾಗೆಯೇ ತಾಜಾ ತರಕಾರಿ. ಪುಣೆಯಲ್ಲಿ ಮಂಡಯಿ, ಚೆನ್ನೈಯಲ್ಲಿ ಕೊಯಂಬೇಡು, ದೆಹಲಿಯಲ್ಲಿ ಸಫಲ್ ಬೂತು. ಹೈದರಾಬಾದಿನಲ್ಲಿ 1999ರಿಂದ ರೈತು ಬಜಾರ್‌ಗಳಿವೆ, ಬೆಳೆದವರೇ ತಂದು ಮಾರುತ್ತಾರೆ. ನೀವಿರುವ ಊರಿನಲ್ಲಿ ನಿಮ್ಮ ಮನೆಗೆ ಹತ್ತಿರದ್ದು ಯಾವುದೋ ಅದೇ ಒಳ್ಳೆಯದು.

ಇನ್ನು ನಡಿಗೆ. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ನಾವು ಡಾಕ್ಟರುಗಳು ಎಲ್ಲರಿಗೂ ಹೇಳುತ್ತೇವೆ. ನನ್ನ ಅವ್ವ ದಿನಕ್ಕೆ 25 ನಿಮಿಷ, ಅಂಗಡಿಗೆ ರಜೆಯಿರುವ ದಿನ ಬಿಟ್ಟು ವಾರಕ್ಕೆ ಆರು ದಿನ ನಡೆಯುತ್ತಿದ್ದಳು. ಗುಣಿಸಿ ನೋಡಿ, ಸರಿಯಾಗಿ 150. ಅವಳ ವಯಸ್ಸಿಗೆ, ಅವಳ ಹೃದಯಕ್ಕೆ ಆ ನಡಿಗೆಯೇ ಸಾಕಷ್ಟು ಚುರುಕು. ನಾನು ಅದನ್ನು ನಿಲ್ಲಿಸಿ, ಮುಂದಿನ ತಿಂಗಳು ಅವಳಿಗೆ "ವಾಕಿಂಗ್ ಮಾಡವಾ" ಎಂದು ಉಪದೇಶ ಮಾಡಿದ್ದೆ. ಸುಮ್ಮನೆ ವಾಕಿಂಗ್ ಹೋಗು ಎಂದರೆ ನಮ್ಮ ಹಿರಿಯರು ಹೋಗುವುದಿಲ್ಲ. ಕೊತ್ತಂಬರಿ ತರಬೇಕು ಎಂದರೆ ಹೋಗುತ್ತಾರೆ.

ಕೊನೆಯದು ಮಾತು. ಊರಲ್ಲಿ ಕಟ್ಟೆಯಿತ್ತು, ಗುಡಿಯಿತ್ತು, ಪಕ್ಕದ ಮನೆಯಿತ್ತು. ಇಲ್ಲಿ ಹತ್ತನೇ ಮಹಡಿಯಲ್ಲಿ ಟಿ.ವಿ. ಇದೆ. ಒಂಟಿತನ ಬಿ.ಪಿ., ಸಕ್ಕರೆ ಕಾಯಿಲೆಯಂತೆಯೇ ಹೃದಯಕ್ಕೆ ಹಾನಿ ಎಂದು ವೈದ್ಯಶಾಸ್ತ್ರ ಈಗ ಒಪ್ಪುತ್ತದೆ. ಮುಂಬೈಯ ಸೇಠ್ ಇರಲಿ, ಚೆನ್ನೈಯ ಅಣ್ಣಾಚ್ಚಿ ಅಂಗಡಿ ಇರಲಿ, ದಿನಕ್ಕೊಮ್ಮೆ "ಹೇಗಿದ್ದೀರಿ ಅಮ್ಮಾ" ಎಂದು ಯಾರೋ ಒಬ್ಬರು ಕೇಳುತ್ತಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ಅದೆಷ್ಟೋ ಮನೆಗಳಿಗೆ ಉದ್ರಿ ಬರೆದುಕೊಂಡು ಅಕ್ಕಿ ಬೇಳೆ ಮುಟ್ಟಿಸಿದವರು ಈ ಅಂಗಡಿಯವರೇ.

*ಕಿರಾಣಿ ಅಂಗಡಿಯ ಅಪಾಯ*

ಇಷ್ಟು ಹೊಗಳಿದೆನೆಂದು ಕಣ್ಣು ಮುಚ್ಚಿ ನಂಬಬೇಡಿ. ಬರಣಿಯಲ್ಲಿಟ್ಟು ಮಾರುವ ಉಪ್ಪಿನಕಾಯಿ, ತೂಗಿ ಕೊಡುವ ಫರ್ಸಾಣ, ಓಣಿಯ ಬೇಕರಿಯ ಖಾರಿ ಬಿಸ್ಕತ್ತು, ಪಫ್, ಇವುಗಳಿಗೆ ಲೇಬಲ್ಲೇ ಇಲ್ಲ. ಉಪ್ಪೆಷ್ಟು, ವನಸ್ಪತಿ ಎಷ್ಟು ಎಂದು ಯಾರಿಗೂ ತಿಳಿಯದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2ಕ್ಕಿಂತ ಹೆಚ್ಚು ಇರಬಾರದು. ಒಳ್ಳೆಯ ನಿಯಮ. ಆದರೆ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದರೆ ಅದು ಕೆಡುತ್ತದೆ. ಆ ಬಾಣಲೆಯನ್ನು ನೋಡುವವರು ಯಾರು?

ಹಳೆಯ ದಾಸ್ತಾನು ಇನ್ನೊಂದು ತೊಂದರೆ. ಪ್ಯಾಕೆಟ್ ತೆಗೆದುಕೊಂಡರೆ ತಾರೀಖು ನೋಡಿ, ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್ ಇದೆಯೇ ನೋಡಿ. ಪರಿಚಯದವರು ಎಂದು ಸಂಕೋಚ ಬೇಡ.

*ಇವಿಷ್ಟು ನೆನಪಿಟ್ಟುಕೊಳ್ಳಿ*

1. ಚೀಟಿ ಬರೆದುಕೊಂಡೇ ಹೊರಡಿ. ಊಟ ಮಾಡಿ ಹೋಗಿ. ಹಸಿದ ಹೊಟ್ಟೆಯಲ್ಲಿ ಸೂಪರ್‌ಮಾರ್ಕೆಟ್‌ಗೆ ಹೋಗಬೇಡಿ.

2. ಸೀಲ್ ಮಾಡಿದ ಎಣ್ಣೆ, ಸಾಬೂನು, ಚಹಾಪುಡಿಯಂಥವು ತಿಂಗಳಿಗೊಮ್ಮೆ ಸೂಪರ್‌ಮಾರ್ಕೆಟ್‌ನಿಂದ ಬಂದರೆ ಅಡ್ಡಿಯಿಲ್ಲ. ಕಾಳು, ಮಸಾಲೆ, ಸೊಪ್ಪು, ತರಕಾರಿ, ಹಣ್ಣು ಆಗಾಗ, ಸ್ವಲ್ಪ ಸ್ವಲ್ಪ, ನಡೆದು ಹೋಗಿ ತನ್ನಿ.

3. ಪ್ಯಾಕೆಟ್‌ನ ಹಿಂದೆ ಸೋಡಿಯಂ ಹುಡುಕಿ. 100 ಗ್ರಾಂಗೆ 120 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು. 600ಕ್ಕಿಂತ ಹೆಚ್ಚಿದ್ದರೆ ಅದು ಉಪ್ಪಿನ ಪದಾರ್ಥ ಎಂದೇ ತಿಳಿಯಿರಿ. ಬ್ರೆಡ್, ಪಾವ್, ಸಾಸ್, ನೂಡಲ್ಸ್, ಸಿದ್ಧ ಮಸಾಲೆ ಪುಡಿ, ಉಪ್ಪಿಟ್ಟಿನ ಮಿಕ್ಸ್ ಎಲ್ಲದರಲ್ಲೂ ನೋಡಿ. ನಾಲಿಗೆಗೆ ಉಪ್ಪು ಅನಿಸದಿದ್ದರೂ ಇರುತ್ತದೆ.

4. ಸೈಂಧವ ಲವಣವೂ ಉಪ್ಪೇ. ಬಣ್ಣ ಬೇರೆ, ಸೋಡಿಯಂ ಹೆಚ್ಚು ಕಡಿಮೆ ಅಷ್ಟೇ.

5. "ಕಡಿಮೆ ಸೋಡಿಯಂ" ಉಪ್ಪು ಈಗ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹಲವರಿಗೆ ಅದು ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇರುವವರು, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

6. ಮನೆಯ ಹಿರಿಯರು ಓದಬಲ್ಲ ಭಾಷೆಯಲ್ಲಿ ಡಬ್ಬಿಯ ಮೇಲೆ ಚೀಟಿ ಅಂಟಿಸಿ. "ಉಪ್ಪು ಹೆಚ್ಚು, ವಾರಕ್ಕೊಮ್ಮೆ", "ಸಕ್ಕರೆ ಇದೆ", "ಇದು ದಿನಾ ತಿನ್ನಬಹುದು". ಮೊಮ್ಮಕ್ಕಳಿಂದ ಬರೆಸಿ. ಅವರಿಗೂ ನಾಲ್ಕು ಕನ್ನಡ ಅಕ್ಷರ ಕಲಿತಂತಾಗುತ್ತದೆ.

7. ಬೈಪಾಸ್ ಆದವರು ಎದೆಯ ಮೂಳೆ ಕೂಡುವವರೆಗೆ, ಸುಮಾರು ಎರಡು ಮೂರು ತಿಂಗಳು, ಅಕ್ಕಿ ಚೀಲ, ಎಣ್ಣೆ ಕ್ಯಾನ್ ಎತ್ತಬೇಡಿ. ನಿಮ್ಮ ಸರ್ಜನ್ ಹೇಳಿದ ಮಿತಿ ಕೇಳಿ. ನಡೆದು ಹೋಗಿ ಚೀಟಿ ಕೊಟ್ಟು ಬನ್ನಿ. ಸಾಮಾನನ್ನು ಅಂಗಡಿಯ ಹುಡುಗ ಮನೆಗೆ ತಂದುಕೊಡುತ್ತಾನೆ.

8. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹಬ್ಬಿದರೆ, ಬೆವರು ಬಂದರೆ ಅದನ್ನು "ಗ್ಯಾಸ್" ಎಂದು ತಳ್ಳಿಹಾಕಬೇಡಿ. ಅಲ್ಲೇ ಕುಳಿತುಕೊಳ್ಳಿ, ಯಾರನ್ನಾದರೂ ಕರೆದು ಆಸ್ಪತ್ರೆಗೆ ಹೋಗಿ.

9. ಹಾರ್ಟ್ ಫೇಲ್ಯೂರ್ ಇರುವವರು ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಬಾವು, ಮಲಗಲು ಹೆಚ್ಚು ದಿಂಬು ಬೇಕಾಗುವುದು, ರಾತ್ರಿ ಉಸಿರು ಕಟ್ಟಿ ಎಚ್ಚರವಾಗುವುದು, ಇವು ಕಂಡರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕುಳಿತಲ್ಲೇ ಉಸಿರಾಡಲು ಕಷ್ಟವಾದರೆ ಫೋನಿಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.

*ಆಮೇಲೆ ಏನಾಯಿತು*

ಆಸ್ಪತ್ರೆಯಿಂದ ಬಂದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಸೇಠ್ ಅವರ ಅಂಗಡಿಗೆ ಹೋಗಿ, "ನಮ್ಮ ತಾಯಿಗೆ ಹಪ್ಪಳ, ಉಪ್ಪಿನಕಾಯಿ ಕೊಡಬೇಡಿ, ಹೃದಯದ ಕಾಯಿಲೆ ಇದೆ" ಎಂದು ಹೇಳಿ ಬಂದೆ. ಅವರು ಪಾಪ ಹಾಗೆಯೇ ಮಾಡಿದರು. ಅವ್ವನಿಗೆ ಗೊತ್ತಾಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

"ಅಂಗಡ್ಯಾಂವಗ ನನ್ನ ಬ್ಯಾನಿ ಹೇಳಿ ಬಂದೀ ಏನಪಾ? ನಾ ಏನ್ ಸಣ್ಣ ಹುಡುಗೀನ? ನನಗ ತಿಳಿಸಿ ಹೇಳಿದ್ರ ನಾನ ಬಿಡತಿದ್ದೆ."

ಸರಿಯಾದ ಮಾತು. ಐವತ್ತು ವರ್ಷ ಒಂದು ಮನೆಯ ಅಡುಗೆ, ಖರ್ಚು, ಬೀಗರ ಉಪಚಾರ ಎಲ್ಲ ನಿಭಾಯಿಸಿದವಳಿಗೆ ಒಂದು ಸಂಖ್ಯೆ ತಿಳಿಯುವುದಿಲ್ಲವೇ? ಆ ರಾತ್ರಿ ಪಕ್ಕದಲ್ಲಿ ಕುಳಿತು ತಪ್ಪಾಯಿತು ಎಂದೆ. ಸೋಡಿಯಂ ಅಂದರೇನು, ಎಷ್ಟಾದರೆ ಹೆಚ್ಚು, ಅದರಿಂದ ಉಸಿರು ಯಾಕೆ ಕಟ್ಟಿತು ಎಂದು ಅವಳ ಮಾತಿನಲ್ಲೇ ಹೇಳಿದೆ. ಅವಳು ಒಂದು ಹಾಳೆಯ ಮೇಲೆ ಬರೆದುಕೊಂಡಳು: "600 ದಾಟಿದರ ಬ್ಯಾಡ."

ಈಗ ಅವ್ವನಿಗೆ 77. ದಿನಾ ಬೆಳಿಗ್ಗೆ ಚೀಲ ಹಿಡಿದು ಅಂಗಡಿಗೆ ಹೋಗುತ್ತಾಳೆ. ರಸ್ತೆ ದಾಟಲು ಸೊಸೈಟಿಯ ವಾಚ್‌ಮನ್ ಜೊತೆಗೆ ಬರುತ್ತಾನೆ. ಹೊಸ ಪ್ಯಾಕೆಟ್ ಏನಾದರೂ ಕಂಡರೆ ಅವಳು ಸೇಠ್ ಅವರಿಗೆ ಕೊಟ್ಟು ತನ್ನ ಮರಾಠಿಯಲ್ಲಿ ಕೇಳುತ್ತಾಳೆ, "ಸೋಡಿಯಂ ಕಿತೀ?" ಅವರು ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಹುಡುಕಿ ಓದುತ್ತಾರೆ. 600 ದಾಟಿದ್ದರೆ ಅವಳು ಪ್ಯಾಕೆಟ್ ತಿರುಗಿ ಇಡಿಸುತ್ತಾಳೆ. ಹೀಗೆ ಓದಿ ಓದಿ ಒಂದು ದಿನ ಅವರು ತಮ್ಮ ಹೆಂಡತಿಯ ಬಿ.ಪಿ.ಗೆ ಏನು ತಿನ್ನಬಾರದು ಎಂದು ನನ್ನನ್ನು ಕೇಳಲು ಕ್ಲಿನಿಕ್‌ಗೆ ಬಂದಿದ್ದರು. ಆ ರಾತ್ರಿಯ ನಂತರ ಈ ಮೂರು ವರ್ಷಗಳಲ್ಲಿ ಅವ್ವ ಹೃದಯದ ತೊಂದರೆಗೆ ಆಸ್ಪತ್ರೆಗೆ ಸೇರಿಲ್ಲ. ಮಾತ್ರೆಗಳ ಪಾಲೂ ಇದೆ, ಅಂಗಡಿಯ ಪಾಲೂ ಇದೆ.

ಪುಣೆಯ ಓದುಗರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಯಾವ ಅಂಗಡಿ ಎಂಬುದಕ್ಕಿಂತ ಏನು ತಂದಿರಿ, ಎಷ್ಟು ತಂದಿರಿ, ಅದನ್ನು ತಿನ್ನುವವರಿಗೆ ಅದರಲ್ಲಿ ಏನಿದೆ ಎಂದು ಗೊತ್ತೇ, ಈ ಮೂರು ಮುಖ್ಯ. ಎಣ್ಣೆಯ ಕ್ಯಾನನ್ನು ನೀವು ಸೂಪರ್‌ಮಾರ್ಕೆಟ್‌ನಿಂದ ತನ್ನಿ, ಸಣ್ಣದನ್ನೇ ತನ್ನಿ. ಅಪ್ಪನ ಕೈಗೆ ಚೀಲ ಕೊಟ್ಟು, ಅವರ ಡಾಕ್ಟರು ನಡೆಯಬಹುದು ಎಂದಿದ್ದರೆ, ಬೆಳಿಗ್ಗೆ ಓಣಿಯ ಅಂಗಡಿಗೆ ಕಳಿಸಿ. ಮೊದಲ ಕೆಲವು ದಿನ ನೀವೂ ಜೊತೆಗೆ ಹೋಗಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಕಪಾಟು ತೆಗೆದು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ಪ್ಯಾಕೆಟ್‌ಗಳ ಹಿಂಭಾಗವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ. ಹತ್ತು ನಿಮಿಷ ಸಾಕು.

ಇದು ಸಾಮಾನ್ಯ ಮಾಹಿತಿ. ನಿಮ್ಮ ಮಾತ್ರೆ, ಉಪ್ಪು, ನೀರಿನ ಪ್ರಮಾಣವನ್ನು ನಿಮ್ಮ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಉಪಯೋಗವಾಯಿತು ಅನಿಸಿದರೆ ಅಪ್ಪ ಅಮ್ಮ ಜೊತೆಗಿರುವ ನಿಮ್ಮ ಬಂಧು ಮಿತ್ರರಿಗೆ ಕಳಿಸಿ.

ಎಲ್ಲರೂ ಆರೋಗ್ಯವಾಗಿರಿ. ಮುಂದಿನ ವಾರ ಮತ್ತೆ ಸಿಗೋಣ.